ಮಲೆನಾಡಿನ ಮನೆಯಂಗಳದ ಹುಲ್ಲುಹಾಸಿನಲ್ಲಿ ಹಾವಸೆ: ಕಾರಣ ಪತ್ತೆ ಮತ್ತು ನಿವಾರಣೆ

ಪುನರ್ವಸು ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಹುಲ್ಲುಹಾಸಿನ ನಡುವೆ ಅಂಗೈಯಗಲದ ಮಖಮಲ್ಲಿನಂಥ ತೇಪೆಗಳು ಕಾಣಿಸಿಕೊಳ್ಳುತ್ತವೆ. ಆಶ್ಲೇಷ ಮುಗಿಯುವ ಹೊತ್ತಿಗೆ ಅವು ಒಂದಕ್ಕೊಂದು ಕೂಡಿಕೊಂಡು ಚಾಪೆಯಗಲವಾಗುತ್ತವೆ, ಕಾಲಿಟ್ಟರೆ ಒತ್ತಿಕೊಂಡು ನೀರು ಬಿಡುತ್ತವೆ, ಕೈಯಿಂದ ಎತ್ತಿದರೆ ಹಾಳೆಯಂತೆ ಏಳುತ್ತವೆ, ಅದರಡಿ ಹುಲ್ಲಿನ ಬೇರು ಒಂದೂ ಇರುವುದಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಮಡಿಕೇರಿಯಂಥ ಕಡೆಗಳಲ್ಲಿ ಮನೆಯ ಮುಂದೆ ನೂರಿನ್ನೂರು ಚದರ ಮೀಟರಿನ ಹುಲ್ಲುಹಾಸು ಮಾಡಿಕೊಂಡವರಿಗೆಲ್ಲ ಈ ದೃಶ್ಯ ಪರಿಚಿತ. ಈ ಕೈಪಿಡಿ ಬರೆದಿರುವುದು ಅವರಿಗಾಗಿಯೇ.

ಈ ವಿಷಯದಲ್ಲಿ ಹೆಚ್ಚಿನವರು ಮಾಡುವ ತಪ್ಪು ಔಷಧಿಯದ್ದಲ್ಲ, ಕಾಲದ್ದು. ಜುಲೈಯಲ್ಲಿ ಹಾವಸೆ ಕಣ್ಣಿಗೆ ಬಿದ್ದ ಕೂಡಲೇ ಸುಣ್ಣ, ಮೈಲುತುತ್ತ (ತಾಮ್ರದ ಸಲ್ಫೇಟ್), ಬ್ಲೀಚಿಂಗ್ ಪೌಡರ್ ಎಂದು ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾರೆ. ಅದು ಮರುದಿನದ ಮಳೆಗೆ ತೊಳೆದು ಹೋಗುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ಬಂದು ಹಾವಸೆ ಒಣಗಿ ಕಂದಾದಾಗ ತೊಂದರೆ ತಾನಾಗಿ ಹೋಯಿತೆಂದು ಸುಮ್ಮನಾಗುತ್ತಾರೆ. ಮಾಡಬೇಕಾದದ್ದು ಇದರ ತಿರುವುಮುರುವು. ಜುಲೈ ಮತ್ತು ಆಗಸ್ಟ್ ನೋಡುವ ಕಾಲ, ಏಕೆಂದರೆ ನೆಲದ ದೋಷ ಎಲ್ಲೆಲ್ಲಿದೆ ಎಂಬುದನ್ನು ಹಾವಸೆಯೇ ಆಗ ಬರೆದು ತೋರಿಸುತ್ತಿರುತ್ತದೆ. ಕೈಹಾಕಿ ಸರಿಪಡಿಸುವ ಕಾಲ ಬರುವುದು ಹಸ್ತ ಮಳೆ ಹಿಂದಾದ ಮೇಲೆ, ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ. ನಮ್ಮ ಅಂಗಳದಲ್ಲಿ ಎರಡು ಮಳೆಗಾಲವನ್ನು ನಾನು ಸುಣ್ಣ ಹಾಕುವುದರಲ್ಲೇ ಕಳೆದೆ, ಮೂರನೆಯ ವರ್ಷ ಏನನ್ನೂ ಹಾಕದೆ ಬರೀ ನೋಡಿದೆ. ಗುಣವಾಗುವ ದಾರಿ ತೆರೆದದ್ದು ಆ ವರ್ಷ.

ಅದು ಹಾವಸೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳುವುದು

ಆಡುಮಾತಿನಲ್ಲಿ ನೆಲದ ಮೇಲೆ ಹಸಿರಾಗಿ ಜಾರುವ ಎಲ್ಲಕ್ಕೂ ಪಾಚಿ ಎಂದೇ ಹೆಸರು. ಆದರೆ ಈ ಒಂದು ಹೆಸರಿನಡಿ ಕನಿಷ್ಠ ನಾಲ್ಕು ಬೇರೆ ಬೇರೆ ಜೀವಿಗಳು ಸೇರಿಕೊಂಡಿವೆ, ಮತ್ತು ನಾಲ್ಕೂ ಒಂದೇ ಕಾರಣಕ್ಕೆ ಬರುವುದಿಲ್ಲ. ಆದ್ದರಿಂದ ಒಂದು ಸಣ್ಣ ಚಾಕು ಹಿಡಿದು ತೇಪೆಯ ಅಂಚಿನಿಂದ ಬೆಂಕಿಪೊಟ್ಟಣದಷ್ಟು ತುಂಡನ್ನು ಎತ್ತಿ, ಬೆಳಕಿಗೆ ಹಿಡಿದು ನೋಡುವುದು ಮೊದಲ ಕೆಲಸ.

ನಿಜವಾದ ಹಾವಸೆಯಾದರೆ ಪ್ರತಿಯೊಂದು ಎಳೆಯೂ ಪುಟ್ಟ ಗಿಡದಂತೆ ಕಾಣುತ್ತದೆ: ನಡುವೆ ದಾರದಷ್ಟು ಸಪೂರ ಕಾಂಡ, ಅದರ ಸುತ್ತ ಸೂಜಿಮೊನೆಯಂಥ ಎಲೆಗಳು, ಕೆಲವೊಮ್ಮೆ ಮೇಲಕ್ಕೆ ಎದ್ದು ನಿಂತ ಕಂದುಬಣ್ಣದ ಕೂದಲಿನ ತುದಿಯಲ್ಲಿ ಬೀಜಾಣುಗಳ ಗಿಂಡಿ. ತಳದಲ್ಲಿ ಬೇರಿನಂತೆ ಕಾಣುವ ಎಳೆಗಳು ಬೇರಲ್ಲ, ಅವು ನೆಲಕ್ಕೆ ಅಂಟಿಕೊಳ್ಳಲು ಮಾತ್ರ. ಹಾವಸೆ ನೀರನ್ನು ಕುಡಿಯುವುದು ಬಹುಪಾಲು ಎಲೆಯ ಮೈಯಿಂದಲೇ. ಹೀಗಾಗಿ ಅದು ಹುಲ್ಲಿನ ಸಾರವನ್ನು ಕಸಿಯುವುದೂ ಇಲ್ಲ, ಹುಲ್ಲನ್ನು ಕೊಲ್ಲುವುದೂ ಇಲ್ಲ. ಹುಲ್ಲು ಸೋತು ತೆರವಾದ ಜಾಗಕ್ಕೆ ಬಂದು ಕೂರುತ್ತದೆ. ಹುಲ್ಲು ಸೋತದ್ದೇಕೆ ಎಂದು ಕೇಳದೆ ಹಾವಸೆಯನ್ನು ಮಾತ್ರ ತೆಗೆದರೆ ಜಾಗ ಮತ್ತೆ ತೆರವಾಯಿತೇ ಹೊರತು ಬೇರೇನೂ ಆಗಲಿಲ್ಲ.

ಎಲೆ, ಕಾಂಡ ಏನೂ ಇಲ್ಲದೆ, ಅಗಲವಾದ ಹಸಿರು ಪಟ್ಟಿಗಳು ಕವಲೊಡೆದು ನೆಲಕ್ಕೆ ಅಂಟಿಕೊಂಡಂತಿದ್ದರೆ ಅದು ಲಿವರ್‌ವರ್ಟ್. ಅದರ ಮೈಮೇಲೆ ಸಾಸಿವೆ ಕಾಳು ಹಿಡಿಯುವಷ್ಟು ಬಟ್ಟಲುಗಳಿರುತ್ತವೆ, ಬಟ್ಟಲೊಳಗೆ ಹಸಿರು ಬಿಲ್ಲೆಗಳಿರುತ್ತವೆ, ಮಳೆಹನಿ ಬಿದ್ದಾಗ ಆ ಬಿಲ್ಲೆಗಳು ಸಿಡಿದು ಸುತ್ತ ಹರಡಿ ಹೊಸ ಪಟ್ಟಿಗಳಾಗುತ್ತವೆ. ಸೂರಿನ ನೀರು ಬೀಳುವ ಸಾಲಿನಲ್ಲಿ ಇದು ಹೆಚ್ಚು. ಮೂರನೆಯದು ಆಲಿವ್ ಬಣ್ಣದ ಲೋಳೆಯ ಮುದ್ದೆ: ಮಳೆ ಬಂದಾಗ ನೆನೆದ ಸಾಬೂದಾನಿಯಂತೆ ಉಬ್ಬಿ, ಬಿಸಿಲಿಗೆ ಕರಿಯ ಹಪ್ಪಳದ ಚೂರಿನಂತೆ ಮುದುಡುವ ಇದರ ಹೆಸರು ನಾಸ್ಟಾಕ್. ನಾಲ್ಕನೆಯದು ನಾವು ಅಂಗಳದ ಕಲ್ಲಿನ ಮೇಲೆ ಕಾಣುವ, ಬೆರಳಿಗೆ ಹತ್ತುವ ಹಸಿರುಗಪ್ಪು ಜಾರುಪಾಚಿ. ಕಡೆಯ ಎರಡು ಕಂಡುಬಂದರೆ ಮುಂದಿನ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಬಿಟ್ಟು ನೇರವಾಗಿ ನೀರು ಮತ್ತು ಗಟ್ಟಿ ನೆಲದ ಭಾಗಕ್ಕೆ ಹೋಗಬಹುದು, ಏಕೆಂದರೆ ಹುಲ್ಲುಹಾಸಿನಲ್ಲಿ ಅವು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ನಿಂತ ನೀರು ಮತ್ತು ಒತ್ತಿದ ಮಣ್ಣು ಸೇರಿದಲ್ಲಿ.

ಬೇಸಗೆಯಲ್ಲಿ ನೋಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಮಾರ್ಚ್ ತಿಂಗಳಿನಲ್ಲಿ ಒಣಗಿ ಕಂದಾದ ಹಾವಸೆ ಸತ್ತ ಹಾವಸೆಯಲ್ಲ. ಅಂಥ ಒಂದು ಒಣ ಬಿಲ್ಲೆಯನ್ನು ನಾನು ಅಂಗೈಯಲ್ಲಿಟ್ಟುಕೊಂಡು ಅದರ ಮೇಲೆ ಎರಡು ಚಮಚ ನೀರು ಬಿಟ್ಟು ನೋಡಿದ್ದೇನೆ: ಮಡಚಿಕೊಂಡಿದ್ದ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು, ಕೆಲವೇ ನಿಮಿಷಗಳಲ್ಲಿ ಕಂದು ಹೋಗಿ ಹಸಿರು ಬಂತು. ತಿಂಗಳುಗಟ್ಟಲೆ ಒಣಗಿದ್ದು ಮೊದಲ ಮಳೆಗೇ ಏಳುವ ಈ ಶಕ್ತಿಯಿಂದಾಗಿಯೇ ಬಿಸಿಲನ್ನು ನಂಬಿ ಕೂರುವುದು ನಿವಾರಣೆಯಾಗುವುದಿಲ್ಲ.

ಹಾವಸೆಯ ನಕ್ಷೆ

ಪುಷ್ಯ ಮಳೆಯ ನಡುವೆ ಹೊಳವಾದ ಒಂದು ದಿನ ನೋಡಿಕೊಂಡು, ಒಂದು ಹಾಳೆಯ ಮೇಲೆ ಅಂಗಳದ ಆಕಾರ ಬರೆದು, ಮನೆ, ಮರ, ಧರೆ (ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆ), ಗೇಟು, ನಲ್ಲಿ, ನಡೆದಾಡುವ ದಾರಿ ಎಲ್ಲವನ್ನೂ ಗುರುತಿಸಿ, ಹಾವಸೆ ಇರುವ ಜಾಗಗಳನ್ನು ಪೆನ್ಸಿಲಿನಿಂದ ತುಂಬಬೇಕು. ಅರ್ಧ ಗಂಟೆಯ ಕೆಲಸ ಇದು, ಆದರೆ ಇದರಷ್ಟು ಪ್ರಯೋಜನದ ಕೆಲಸ ಈ ಕೈಪಿಡಿಯಲ್ಲಿ ಬೇರೊಂದಿಲ್ಲ. ಹಾವಸೆ ಎಲ್ಲ ಕಡೆ ಸಮನಾಗಿ ಬರುವುದು ತೀರ ಅಪರೂಪ. ಅದು ಒಂದು ಆಕಾರದಲ್ಲಿ ಬರುತ್ತದೆ, ಆ ಆಕಾರವೇ ಕಾರಣವನ್ನು ಹೇಳುತ್ತದೆ. ಗೋಡೆಗೆ ಸಮಾನಾಂತರವಾಗಿ ಒಂದು ಅಡಿ ಅಗಲದ ನೇರ ಸಾಲಾಗಿದ್ದರೆ ಅದು ಸೂರಿನ ನೀರು. ಗೇಟಿನಿಂದ ಜಗಲಿಗೆ ಓರೆಯಾದ ಪಟ್ಟಿಯಾಗಿದ್ದರೆ ಜನ ನಡೆದು ಒತ್ತಿದ ನೆಲ, ಎರಡು ಸಾಲು ಪಟ್ಟಿಗಳಾಗಿದ್ದರೆ ವಾಹನದ ಗಾಲಿ. ಮರದ ಬುಡದ ಸುತ್ತ ಗುಂಡಗಿದ್ದರೆ ನೆರಳು. ಧರೆಯ ಬುಡದಿಂದ ಬೀಸಣಿಗೆಯಂತೆ ಕೆಳಕ್ಕೆ ಹರಡಿದ್ದರೆ ನೆಲದಡಿಯ ಒರತೆ. ಯಾವ ಆಕಾರವೂ ಇಲ್ಲದೆ ಎಲ್ಲೆಡೆ ತೆಳ್ಳಗೆ ಹಬ್ಬಿದ್ದರೆ ಮಾತ್ರ ಮಣ್ಣಿನ ಹುಳಿ, ಗೊಬ್ಬರದ ಕೊರತೆ, ಅಥವಾ ತೀರ ಗಿಡ್ಡಗೆ ಕತ್ತರಿಸಿದ್ದು, ಈ ಮೂರರ ಕಡೆಗೆ ನೋಡಬೇಕು.

ನಮ್ಮ ಅಂಗಳದ ನಕ್ಷೆಯಲ್ಲಿ ಮೂರು ಆಕಾರಗಳಿದ್ದವು, ಅಂದರೆ ಮೂರು ಬೇರೆ ರೋಗಗಳಿದ್ದವು. ಎರಡು ವರ್ಷ ನಾನು ಎಲ್ಲಕ್ಕೂ ಒಂದೇ ಮದ್ದು ಹಾಕುತ್ತಿದ್ದೆ.

ನೀರು: ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು, ಮಡಿಕೇರಿಯಲ್ಲಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಇಷ್ಟು ಮಳೆಯಲ್ಲೂ ಮಣ್ಣು ಚೆನ್ನಾಗಿ ಬಸಿಯುವ ಕಡೆ ಹುಲ್ಲು ದಟ್ಟವಾಗಿಯೇ ಇರುತ್ತದೆ. ಆದ್ದರಿಂದ ಮಳೆ ಹೆಚ್ಚು ಎಂಬುದು ಉತ್ತರವಲ್ಲ, ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ಪರೀಕ್ಷೆ ಸರಳ. ಹಾವಸೆ ಇರುವ ಜಾಗದಲ್ಲೊಂದು, ಹುಲ್ಲು ಚೆನ್ನಾಗಿರುವ ಜಾಗದಲ್ಲೊಂದು, ಒಂದು ಅಡಿ ಆಳ ಒಂದು ಅಡಿ ಅಗಲದ ಗುಂಡಿ ತೆಗೆದು, ನೀರು ತುಂಬಿ ಒಮ್ಮೆ ಪೂರ್ತಿ ಇಳಿಯಲು ಬಿಟ್ಟು, ಮತ್ತೆ ತುಂಬಿ, ಒಂದು ಕಡ್ಡಿಗೆ ಗುರುತು ಹಾಕಿ ನಿಲ್ಲಿಸಬೇಕು. ಗಂಟೆಗೆ ಎರಡೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬಸಿಯುವಿಕೆ ಸಾಕಷ್ಟಿದೆ ಎಂದು ತಿಳಿಯಬಹುದು. ಗಂಟೆ ಕಳೆದರೂ ಗುರುತು ಕದಲದಿದ್ದರೆ ದೋಷ ಸಿಕ್ಕಿತು. ನೀರು ಇಳಿಯುವ ಬದಲು ಏರಿದರೆ, ಅಥವಾ ಸುರಿಯುವ ಮೊದಲೇ ಗುಂಡಿಯಲ್ಲಿ ತಾನಾಗಿ ನೀರು ಕೂಡಿದರೆ, ಅಲ್ಲಿ ಜಲ ಎದ್ದಿದೆ ಎಂದು ಅರ್ಥ, ಮತ್ತು ಆಗ ಹುಲ್ಲುಹಾಸಿನ ಮೇಲ್ಮೈಯಲ್ಲಿ ಏನು ಮಾಡಿದರೂ ವ್ಯರ್ಥ.

ಮಲೆನಾಡಿನ ಹೊಸ ಮನೆಗಳಲ್ಲಿ ಇದು ಹೆಚ್ಚಾಗಲು ಒಂದು ಕಾರಣವಿದೆ. ಗುಡ್ಡದ ಇಳಿಜಾರನ್ನು ಯಂತ್ರದಿಂದ ಕಡಿದು, ಕಡಿದ ಮಣ್ಣನ್ನು ಎದುರಿಗೆ ತುಂಬಿ, ಅದೇ ಯಂತ್ರವನ್ನು ಹತ್ತಾರು ಸಲ ಓಡಿಸಿ ಅಂಗಳವನ್ನು ಸಮ ಮಾಡುತ್ತಾರೆ. ಮೇಲ್ಮಣ್ಣು ಅಡಿಗೆ ಹೋಗಿ, ಜಂಬಿಟ್ಟಿಗೆಯ ಅಡಿಮಣ್ಣು ಮೇಲೆ ಬರುತ್ತದೆ. ಅದರ ಮೇಲೆ ಎರಡಂಗುಲ ಕೆಮ್ಮಣ್ಣು ಹರಡಿ ಹುಲ್ಲಿನ ಹಾಳೆ ಹಾಸಿದರೆ ಮೊದಲ ವರ್ಷ ಚೆಂದವೇ ಕಾಣುತ್ತದೆ. ಎರಡನೆಯ ಮಳೆಗಾಲಕ್ಕೆ ಬೇರು ಇಳಿಯಲು ಜಾಗವಿಲ್ಲದೆ, ನೀರು ಇಳಿಯಲು ದಾರಿಯಿಲ್ಲದೆ, ಹುಲ್ಲು ಹಿಂಜರಿಯುತ್ತದೆ. ಕಡಿದ ಧರೆಯೊಳಗಿಂದ ಮಳೆಗಾಲದ ಒರತೆ ಬಂದು ಈ ಗಟ್ಟಿ ಪದರದ ಮೇಲೆಯೇ ಹರಿಯುತ್ತದೆ.

ಇದಕ್ಕೆ ಪರಿಹಾರ ನಮ್ಮ ಅಡಿಕೆ ತೋಟದವರು ತಲೆಮಾರುಗಳಿಂದ ಬಲ್ಲ ಬಸಿಗಾಲುವೆ. ಹುಲ್ಲುಹಾಸಿನ ಮೇಲ್ಬದಿಯಲ್ಲಿ, ನೀರು ಒಳಬರುವ ಕಡೆಯಲ್ಲೇ, ಸುಮಾರು ಒಂದು ಅಡಿ ಅಗಲ ಒಂದೂವರೆ ಅಡಿ ಆಳದ ಕಾಲುವೆಯನ್ನು ನೂರು ಅಡಿಗೆ ಒಂದು ಅಡಿಯ ಇಳಿಜಾರಿನಲ್ಲಿ ತೆಗೆದು, ಅಂಗಳದ ಹೊರಗೆ ಬಿಡಬೇಕು. ಕಾಣಬಾರದೆಂದಿದ್ದರೆ ತೂತಿನ ಪೈಪ್ ಇಟ್ಟು ದಪ್ಪ ಜಲ್ಲಿ ತುಂಬಬಹುದು. ಧರೆಯ ಬುಡದಲ್ಲಿ ಅಗೆಯುವಾಗ ಬಹಳ ಎಚ್ಚರ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಧರೆಯ ಬುಡಕ್ಕೆ ಗುದ್ದಲಿ ಹಾಕಲೇಬಾರದು, ಎತ್ತರದ ಧರೆಯಾದರೆ ಬೇಸಗೆಯಲ್ಲೂ ಬಲ್ಲವರನ್ನು ಕೇಳದೆ ಕೈಹಾಕಬಾರದು, ಕಾಲುವೆಯನ್ನು ಬುಡದಿಂದ ಸಾಕಷ್ಟು ದೂರದಲ್ಲೇ ತೆಗೆಯಬೇಕು.

ಸೂರಿನ ನೀರಿನ ಸಾಲಿಗೆ ಇಷ್ಟೆಲ್ಲ ಬೇಡ. ಹೆಂಚಿನ ಅಂಚಿಗೆ ದೋಣಿ ಕಟ್ಟಿ ನೀರನ್ನು ಬೇರೆಡೆ ತಿರುಗಿಸಿದರೆ ಆಯಿತು. ಆಗದಿದ್ದರೆ ಆ ಒಂದಡಿ ಅಗಲದಲ್ಲಿ ಹುಲ್ಲಿನ ಆಸೆ ಬಿಟ್ಟು ಹೊಳೆಗಲ್ಲು ಹಾಸುವುದು ಒಳ್ಳೆಯದು. ಹತ್ತಡಿ ಎತ್ತರದಿಂದ ಮೂರು ತಿಂಗಳು ಬೀಳುವ ಹನಿಯ ಏಟನ್ನು ಯಾವ ಹುಲ್ಲೂ ತಾಳುವುದಿಲ್ಲ.

ಒತ್ತಿದ ಮಣ್ಣು

ಒಂದು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ನೆಲ ಹಸಿಯಾಗಿರುವಾಗ ಹುಲ್ಲು ಚೆನ್ನಾಗಿರುವ ಕಡೆ ಅದನ್ನು ಅಂಗೈಯಿಂದ ಒತ್ತಿದರೆ ಹಿಡಿಯವರೆಗೆ ಇಳಿಯುತ್ತದೆ. ಹಾವಸೆಯ ತೇಪೆಯಲ್ಲಿ ಒತ್ತಿದಾಗ ಎರಡು ಬೆರಳು ಇಳಿದು ಟಕ್ಕನೆ ನಿಂತರೆ ಕಾರಣ ಮತ್ತೆ ಹುಡುಕಬೇಕಾಗಿಲ್ಲ. ನಮ್ಮ ಗೇಟಿನಿಂದ ಜಗಲಿಗೆ ಬರುವ ಪಟ್ಟಿಯಲ್ಲಿ ಹೀಗೆಯೇ ಆಯಿತು. ಅಲ್ಲಿ ಚಾಕುವಿನಿಂದ ಕತ್ತರಿಸಿ ಎತ್ತಿದ ಮಣ್ಣಿನ ತುಂಡು ಇಟ್ಟಿಗೆಯಂತಿತ್ತು. ಮುರಿದಾಗ ಪದರು ಪದರಾಗಿ ಬಿಟ್ಟುಕೊಂಡಿತು, ಒಳಗೆ ಎರೆಹುಳುವಿನ ಒಂದು ದಾರಿಯೂ ಇರಲಿಲ್ಲ.

ಸರಿಪಡಿಸುವುದು ಹೀಗೆ. ಮಳೆ ನಿಂತು ಮಣ್ಣು ಕೈಗೆ ಅಂಟದಷ್ಟು ಆರಿದ, ಆದರೆ ಇನ್ನೂ ತೇವವಿರುವ ಹದದಲ್ಲಿ, ನಾಲ್ಕು ಹಲ್ಲಿನ ಕಬ್ಬಿಣದ ಫೋರ್ಕನ್ನು ಕಾಲಿನಿಂದ ತುಳಿದು ಎಂಟು ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿ, ಹಿಂದೆ ಮುಂದೆ ತುಸು ಅಲುಗಿಸಿ ಎತ್ತಬೇಕು. ಹತ್ತು ಸೆಂಟಿಮೀಟರಿಗೊಂದರಂತೆ ಇಡೀ ತೇಪೆಯನ್ನು ಹೀಗೆ ಚುಚ್ಚಿ ಮುಗಿಸಿದ ಮೇಲೆ, ದಪ್ಪ ಮರಳು ಮತ್ತು ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಸಮಭಾಗ ಬೆರೆಸಿ, ಅರ್ಧ ಸೆಂಟಿಮೀಟರಿಗಿಂತ ದಪ್ಪವಾಗದಂತೆ ಹರಡಿ, ಕಸಬರಿಗೆಯಿಂದ ತೂತುಗಳೊಳಗೆ ಗುಡಿಸಬೇಕು. ನುಣ್ಣನೆಯ ಎಂ-ಸ್ಯಾಂಡ್ ಪುಡಿ ಇದಕ್ಕೆ ಆಗದು, ಅದು ಒದ್ದೆಯಾದಾಗ ಗಾರೆಯಂತೆ ಕೂತುಬಿಡುತ್ತದೆ. ನೂರು ಚದರ ಮೀಟರಿಗೆ ಒಬ್ಬರಿಗೆ ಎರಡು ದಿನದ ಕೆಲಸವಿದು. ಸೊಂಟ ನೋಯುತ್ತದೆ, ಆದರೆ ಔಷಧಿಗೆ ಕೊಡುವ ಹಣಕ್ಕಿಂತ ಈ ನೋವಿಗೆ ಫಲ ಹೆಚ್ಚು. ನಡೆಯುವ ದಾರಿಯಲ್ಲಿ ಚಪ್ಪಡಿ ಹಾಕಿಕೊಳ್ಳದಿದ್ದರೆ ಎರಡೇ ವರ್ಷದಲ್ಲಿ ಮತ್ತೆ ಇಟ್ಟಿಗೆಯಾಗುತ್ತದೆ ಎಂಬುದನ್ನೂ ಹೇಳಬೇಕು.

ನೆರಳು ಮತ್ತು ಹುಲ್ಲಿನ ಜಾತಿ

ಹದಿಮೂರು ಹದಿನಾಲ್ಕು ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸಾಕಷ್ಟು ವಾಲಿರುತ್ತಾನೆ. ಇದರಿಂದಾಗಿ ಮನೆಯ ಉತ್ತರದ ಅಂಗಳ ಮೋಸ ಮಾಡುತ್ತದೆ: ಮೇ ತಿಂಗಳಿನಲ್ಲಿ ನೋಡಿದವರಿಗೆ ಅಲ್ಲಿ ಬೇಕಾದಷ್ಟು ಬಿಸಿಲಿದೆ ಎನ್ನಿಸುತ್ತದೆ, ಆದರೆ ನೆಲ ಆರಬೇಕಾದ ನವೆಂಬರ್, ಡಿಸೆಂಬರ್, ಜನವರಿಯಲ್ಲಿ ಗೋಡೆಯ ನೆರಳು ಅಲ್ಲೇ ಮಲಗಿರುತ್ತದೆ. ಆದ್ದರಿಂದ ನೆರಳಿನ ಲೆಕ್ಕವನ್ನು ಎರಡು ಸಲ ಮಾಡಬೇಕು, ಮೇ ತಿಂಗಳಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ನೋಡಿ ಬರೆದಿಟ್ಟುಕೊಂಡು.

ದಿನಕ್ಕೆ ಆರು ಗಂಟೆಗಿಂತ ಕಡಿಮೆ ನೇರ ಬಿಸಿಲು ಬೀಳುವಲ್ಲಿ ಗರಿಕೆ ಜಾತಿಯ ಹುಲ್ಲು ಉಳಿಯುವುದಿಲ್ಲ. ಅದು ಬಯಲಿನ ಹುಲ್ಲು, ನೆರಳಿನಲ್ಲಿ ಉದ್ದುದ್ದ ಎಳೆದುಕೊಂಡು ತೆಳ್ಳಗಾಗಿ ಸಾಯುತ್ತದೆ. ನರ್ಸರಿಗಳಲ್ಲಿ ಮೆಕ್ಸಿಕನ್ ಹುಲ್ಲು, ಕೊರಿಯನ್ ಹುಲ್ಲು ಎಂದು ಕೊಡುವ ಸಪೂರ ಎಲೆಯ ಜಾಯ್ಸಿಯಾ ಸ್ವಲ್ಪ ನೆರಳನ್ನು ತಾಳುತ್ತದೆ. ನೆರಳು, ಹುಳಿಮಣ್ಣು, ತೇವ ಮೂರನ್ನೂ ಒಟ್ಟಿಗೆ ತಾಳುವುದು ಅಗಲ ಎಲೆಯ ಕಾರ್ಪೆಟ್ ಹುಲ್ಲು, ಆಕ್ಸೊನೋಪಸ್. ನೋಡಲು ಒರಟು, ಮಖಮಲ್ಲಿನ ನಯವಿಲ್ಲ ಎಂದು ಹಲವರು ಇದನ್ನು ಬೇಡವೆನ್ನುತ್ತಾರೆ. ನನ್ನ ಮಟ್ಟಿಗೆ ಮಲೆನಾಡಿನ ಮನೆಯಂಗಳಕ್ಕೆ ಇದಕ್ಕಿಂತ ಒಳ್ಳೆಯ ಹುಲ್ಲಿಲ್ಲ. ಚಿತ್ರದಲ್ಲಿ ನೋಡಿದ ಹುಲ್ಲನ್ನು ತಂದು ನಮ್ಮ ಮಳೆಗೆ ಒಡ್ಡುವುದಕ್ಕಿಂತ ನಮ್ಮ ಮಳೆಗೆ ಒಗ್ಗುವುದನ್ನು ನೆಡುವುದು ಮೇಲು.

ಮರವಿದ್ದರೆ ಕಾಫಿ ತೋಟದವರು ಮಾಡುವಂತೆ ಮರಗಸಿ ಮಾಡಿಸಬೇಕು. ಮಳೆ ಹಿಡಿಯುವ ಮುನ್ನ ಕೆಳಗಿನ ಕೊಂಬೆಗಳನ್ನು ತೆಗೆಸಿದರೆ ಓರೆ ಬಿಸಿಲು ಒಳಬರುತ್ತದೆ, ಗಾಳಿಯಾಡುತ್ತದೆ, ಹುಲ್ಲಿನ ಮೇಲೆ ಎಲೆಯಿಂದ ತೊಟ್ಟಿಕ್ಕುವ ನೀರೂ ಕಡಿಮೆಯಾಗುತ್ತದೆ. ಹಲಸಿನ ಮರದಂಥ ದಟ್ಟ ನೆರಳಿನಡಿ ಇದೂ ಸಾಲದು. ಅಲ್ಲಿ ಹಾವಸೆಯನ್ನೇ ಇರಗೊಡಬಹುದು. ಜಪಾನಿನ ಕ್ಯೋಟೊ ನಗರದ ಸೈಹೋ-ಜಿ ದೇವಾಲಯದ ತೋಟದಲ್ಲಿ ಹುಲ್ಲಿನ ಬದಲು ಹಾವಸೆಯನ್ನೇ ಹಾಸಿಗೆಯಾಗಿ ಬೆಳೆಸಿ ಕಾಪಾಡುತ್ತಾರೆ. ನಮ್ಮ ಹಲಸಿನ ಬುಡದ ಹತ್ತಡಿಯನ್ನು ನಾನೂ ಈಗ ಹಾಗೆಯೇ ಬಿಟ್ಟಿದ್ದೇನೆ, ಮಳೆಗಾಲದಲ್ಲಿ ಅದು ನಿಜಕ್ಕೂ ಸುಂದರವಾಗಿರುತ್ತದೆ.

ಸುಣ್ಣದ ಪ್ರಶ್ನೆ

ಹಾವಸೆ ಬಂತೆಂದರೆ ಮಣ್ಣು ಹುಳಿಯಾಗಿದೆ, ಸುಣ್ಣ ಹಾಕು ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಇದರಲ್ಲಿ ಅರ್ಧ ಸತ್ಯವಿದೆ. ಜೋರು ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುವುದರಿಂದ ಮಲೆನಾಡಿನ ಮಣ್ಣು ಹುಳಿಯಾಗಿರುವುದು ನಿಜ, ರಸಸಾರ (pH) 5.5ಕ್ಕಿಂತ ಕೆಳಗಿರುವುದು ಇಲ್ಲಿ ಸಾಮಾನ್ಯ, ಅಂಥ ಮಣ್ಣಿನಲ್ಲಿ ಗರಿಕೆ ಸೊರಗುತ್ತದೆ ಎಂಬುದೂ ನಿಜ. ಆದರೆ ಸುಣ್ಣ ಹಾವಸೆಯನ್ನು ಕೊಲ್ಲುವುದಿಲ್ಲ. ಹಳೆಯ ಮನೆಯ ಸುಣ್ಣದ ಗಾರೆಯ ಗೋಡೆಯನ್ನೂ ಸಿಮೆಂಟಿನ ಬಾವಿಕಟ್ಟೆಯನ್ನೂ ಒಮ್ಮೆ ನೋಡಿದರೆ ಸಾಕು: ಅವುಗಳಷ್ಟು ಸುಣ್ಣವಿರುವ ಜಾಗ ಮನೆಯ ಸುತ್ತ ಬೇರೆ ಇಲ್ಲ, ಅಲ್ಲೂ ಹಾವಸೆ ಹುಲುಸಾಗಿ ಬೆಳೆದಿರುತ್ತದೆ.

ಆದ್ದರಿಂದ ಸುಣ್ಣ ಹಾಕಬೇಕೇ ಬೇಡವೇ ಎಂಬುದನ್ನು ಹಾವಸೆಯನ್ನು ನೋಡಿ ನಿರ್ಧರಿಸಬಾರದು, ಮಣ್ಣು ಪರೀಕ್ಷೆಯ ವರದಿಯನ್ನು ನೋಡಿ ನಿರ್ಧರಿಸಬೇಕು. ಅಂಗಳದ ಹತ್ತು ಹನ್ನೆರಡು ಕಡೆ ಮೇಲಿನ ಕಸ ಸರಿಸಿ, ಹತ್ತು ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಳ್ಳಗೆ ಕೆತ್ತಿ ತೆಗೆದು, ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲದಲ್ಲಿ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಬಹುದು. ವರದಿಯಲ್ಲಿ ಸುಣ್ಣ ಬೇಕೆಂದು ಬಂದರೆ ಸುಟ್ಟ ಸುಣ್ಣವನ್ನು ಮುಟ್ಟದೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಪುಡಿಯನ್ನು ತರಬೇಕು. ಸುಟ್ಟ ಸುಣ್ಣ ಹುಲ್ಲನ್ನೂ ಕಣ್ಣನ್ನೂ ಸುಡುತ್ತದೆ. ನಿಂತ ಹುಲ್ಲಿನ ಮೇಲೆ ಒಂದು ಸಲಕ್ಕೆ ಹತ್ತು ಚದರ ಮೀಟರಿಗೆ ಎರಡರಿಂದ ಎರಡೂವರೆ ಕಿಲೋಗಿಂತ ಹೆಚ್ಚು ಹಾಕಬಾರದು, ಇನ್ನೂ ಬೇಕಿದ್ದರೆ ಆರು ತಿಂಗಳು ಬಿಟ್ಟು ಹಾಕಬೇಕು, ಯೂರಿಯಾದ ಜೊತೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಗೊಬ್ಬರದ ಕೊರತೆಯನ್ನು ಕಣ್ಣೇ ಹೇಳುತ್ತದೆ: ಹುಲ್ಲು ತಿಳಿಹಳದಿ, ಕತ್ತರಿಸಿ ಎರಡು ವಾರವಾದರೂ ಬೆಳೆದಿಲ್ಲ, ನಡುನಡುವೆ ಮಣ್ಣು ಕಾಣುತ್ತದೆ. ಮಳೆ ಕಡಿಮೆಯಾದ ಸೆಪ್ಟೆಂಬರ್ ಕೊನೆಯಲ್ಲಿ ನೂರು ಚದರ ಮೀಟರಿಗೆ ಒಂದು ಕಿಲೋ ಯೂರಿಯಾವನ್ನು ಎರಡು ಕಂತಿನಲ್ಲಿ, ಮೂರು ವಾರಗಳ ಅಂತರದಲ್ಲಿ ಕೊಟ್ಟರೆ ಸಾಕು. ಇನ್ನು ಕತ್ತರಿಸುವ ಎತ್ತರ. ಮಳೆಗಾಲದಲ್ಲಿ ಹುಲ್ಲು ಬೇಗ ಏಳುತ್ತದೆಂದು ಬುಡಮಟ್ಟ ಬೋಳಿಸುವುದು ಹಾವಸೆಗೆ ಬಾಗಿಲು ತೆರೆದಂತೆ. ಕಾರ್ಪೆಟ್ ಹುಲ್ಲನ್ನು ನಾಲ್ಕೈದು ಸೆಂಟಿಮೀಟರ್, ಜಾಯ್ಸಿಯಾವನ್ನು ಮೂರು ನಾಲ್ಕು ಸೆಂಟಿಮೀಟರ್ ಬಿಡಬೇಕು, ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು.

ಅನ್ನಭೇದಿಯ ಬಳಕೆ

ಕಾರಣ ಸರಿಪಡಿಸುವ ಕೆಲಸ ಶುರುವಾದ ಮೇಲೆ, ಇರುವ ಹಾವಸೆಯನ್ನು ತೆಗೆಯಲು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ನಂಬಬಹುದಾದ ವಸ್ತು. ಗೊಬ್ಬರದಂಗಡಿಯಲ್ಲಿ ಸಿಗುವ 19% ಕಬ್ಬಿಣಾಂಶದ ಹಸಿರು ಹರಳು ಸಾಕು. ಮಳೆ ಬಿಟ್ಟ, ಮುಂದಿನ ಒಂದು ದಿನವಾದರೂ ಮಳೆಯ ಸೂಚನೆಯಿಲ್ಲದ, ಆದರೆ ಹಾವಸೆ ಇನ್ನೂ ತೇವವಾಗಿರುವ ದಿನವನ್ನು ಆರಿಸಿಕೊಂಡು, ಅರ್ಧ ಕಿಲೋ ಹರಳನ್ನು 50 ಲೀಟರ್ ನೀರಿನಲ್ಲಿ ಕರಗಿಸಿದರೆ ನೂರು ಚದರ ಮೀಟರಿಗೆ ಆಗುತ್ತದೆ. ಮೊದಲು ಒಂದು ಚದರ ಮೀಟರಿಗೆ ಸಿಂಪಡಿಸಿ ಎರಡು ದಿನ ಕಾದು, ಹುಲ್ಲಿನ ಮೇಲೆ ಏನಾಗುತ್ತದೆಂದು ನೋಡಿಕೊಂಡು ಮುಂದುವರಿಯುವುದು ಕ್ಷೇಮ. ಹಾವಸೆ ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಹುಲ್ಲೂ ಕೆಲವು ದಿನ ಗಾಢವಾಗಿ ಕಂಡು ಆಮೇಲೆ ಚೇತರಿಸಿಕೊಳ್ಳುತ್ತದೆ.

ಕಪ್ಪಾಗಿ ಪೂರ್ತಿ ಸತ್ತ ಮೇಲೆ, ಅಂದರೆ ಹತ್ತು ಹದಿನೈದು ದಿನ ಬಿಟ್ಟು, ಹಲುಬೆಯಿಂದ ಎಳೆದು ತೆಗೆಯಬೇಕು. ಹಸಿಯಿರುವಾಗಲೇ ಎಳೆದಾಡಿದರೆ ಚೂರುಗಳು ಅಂಗಳವೆಲ್ಲ ಹರಡುತ್ತವೆ, ಹಾವಸೆಯ ಒಂದೊಂದು ಚೂರಿಗೂ ಹೊಸದಾಗಿ ಬೆಳೆಯುವ ಶಕ್ತಿಯಿದೆ. ಅನ್ನಭೇದಿಯ ನೀರು ಕಲ್ಲು, ಸಿಮೆಂಟು, ಬಟ್ಟೆಯ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಮತ್ತೆ ಹೋಗುವುದಿಲ್ಲ. ಆದ್ದರಿಂದ ಜಗಲಿಯ ಅಂಚಿಗೆ ಗೋಣಿ ಹಾಸಿ, ಕೈಗವಸು ಕನ್ನಡಕ ಧರಿಸಿ, ನೆಲ ಆರುವವರೆಗೆ ಮಕ್ಕಳನ್ನೂ ನಾಯಿಯನ್ನೂ ಬಿಡದೆ ಮಾಡಬೇಕು. ಸುಣ್ಣ ಹಾಕುವುದಿದ್ದರೆ ಇದಾಗಿ ಒಂದು ತಿಂಗಳಾದರೂ ಕಳೆಯಲಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಮನೆಯಲ್ಲಿ ಉಳಿದಿರುವುದರಿಂದ ಅದನ್ನೇ ಸುರಿಯುವವರು ನಮ್ಮಲ್ಲಿ ಹಲವರಿದ್ದಾರೆ. ತಾಮ್ರದಿಂದ ಹಾವಸೆ ಸಾಯುತ್ತದೆ, ಸುಳ್ಳಲ್ಲ. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಇಲ್ಲವಾಗುವುದಿಲ್ಲ, ವರ್ಷವರ್ಷ ಕೂಡುತ್ತಾ ಹೋಗಿ ಎರೆಹುಳುಗಳನ್ನು ಕೊಲ್ಲುತ್ತದೆ, ಅಂಗಳದಿಂದ ಹಳ್ಳಕ್ಕೆ ಇಳಿದ ನೀರು ಮೀನಿಗೆ ವಿಷ. ಬ್ಲೀಚಿಂಗ್ ಪೌಡರ್ ಜಾರುವ ಕಲ್ಲಿನ ಮೇಲೆ ಸರಿ, ಹುಲ್ಲಿನ ಮೇಲೆ ಬಿದ್ದರೆ ಹುಲ್ಲೂ ಹೋಗುತ್ತದೆ.

ಅಮೆರಿಕದ ಸಿಯಾಟಲ್ ಕಡೆಯಲ್ಲಿ ನೆಲಸಿದ ಬಂಧುಗಳು ಅಲ್ಲಿನ ಔಷಧಿಯ ವಿಧಾನಗಳನ್ನು ಕಳಿಸುವುದುಂಟು, ಅಲ್ಲೂ ಇದೇ ತೊಂದರೆ ಹೆಚ್ಚು. ಆದರೆ ಅಲ್ಲಿ ಮಳೆಗಾಲ ಚಳಿಗಾಲದಲ್ಲಿ, ಹುಲ್ಲು ತಂಪು ಹವೆಯ ಜಾತಿ. ವಸಂತದ ಮೊದಲಲ್ಲಿ ಸಿಂಪಡಿಸಿ ಎಂದು ಅವರಿಗೆ ಹೇಳಿದ್ದನ್ನು ನಾವು ಮಾರ್ಚ್‌ನಲ್ಲಿ ಮಾಡಿದರೆ ಒಣಗಿ ಮುದುಡಿದ ಹಾವಸೆಗೆ ಅದು ತಗಲುವುದೇ ಇಲ್ಲ. ವಸ್ತು ಅದೇ ಇರಲಿ, ತಿಂಗಳು ನಮ್ಮದಿರಬೇಕು.

ತೆರವಾದ ಜಾಗ ಮತ್ತು ಮರುಪರೀಕ್ಷೆ

ಹಾವಸೆ ತೆಗೆದ ಜಾಗವನ್ನು ಬೋಳಾಗಿ ಬಿಟ್ಟರೆ ಮುಂದಿನ ಆರ್ದ್ರೆಗೆ ಅದೇ ಮತ್ತೆ ಬರುತ್ತದೆ. ನವೆಂಬರ್ ನಡುವಿನೊಳಗೆ ಮೇಲ್ಮಣ್ಣನ್ನು ಕೆದಕಿ, ಗೊಬ್ಬರ ಬೆರೆಸಿ, ಹುಲ್ಲಿನ ಗೆಣ್ಣುಳ್ಳ ತುಂಡುಗಳನ್ನು ಹತ್ತು ಸೆಂಟಿಮೀಟರಿಗೊಂದರಂತೆ ನಾಟಿ ಮಾಡಿದರೆ, ಚಳಿ ಬಲಿಯುವ ಮುನ್ನ ಬೇರು ಹಿಡಿಯುತ್ತದೆ. ಆ ಹೊತ್ತು ತಪ್ಪಿದರೆ ಏಪ್ರಿಲ್ ಕೊನೆಯ ಮಳೆಗಳವರೆಗೆ ಕಾಯುವುದು ಲೇಸು. ಡಿಸೆಂಬರ್, ಜನವರಿಯ ಚಳಿಯಲ್ಲಿ ನೆಟ್ಟ ತುಂಡು ಬದುಕಿದರೂ ಹಬ್ಬುವುದಿಲ್ಲ.

ಮರುವರ್ಷ ಅದೇ ಪುಷ್ಯ ಮಳೆಯಲ್ಲಿ ಹಳೆಯ ನಕ್ಷೆಯನ್ನು ಹಿಡಿದು ಅಂಗಳಕ್ಕಿಳಿಯಬೇಕು. ಹಾವಸೆ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಬಂದಿದ್ದರೆ ಕಾರಣವನ್ನು ತಪ್ಪಾಗಿ ಗುರುತಿಸಿದ್ದೇವೆ ಎಂದರ್ಥ, ಅಲ್ಲಿ ಗುಂಡಿಯ ಪರೀಕ್ಷೆಯಿಂದ ಮತ್ತೆ ಶುರುಮಾಡಬೇಕು. ಆಕಾರ ಅದೇ ಇದ್ದು ಅಳತೆ ಕುಗ್ಗಿದ್ದರೆ ದಾರಿ ಸರಿಯಿದೆ, ಫೋರ್ಕಿನ ಕೆಲಸವನ್ನು ಇನ್ನೊಂದು ಅಕ್ಟೋಬರಿನಲ್ಲಿ ಮಾಡಬೇಕು. ಹೊಸ ಜಾಗದಲ್ಲಿ ಬಂದಿದ್ದರೆ ಆ ವರ್ಷ ಅಲ್ಲೇನು ಬದಲಾಯಿತೆಂದು ಕೇಳಿಕೊಳ್ಳಬೇಕು. ನಮ್ಮಲ್ಲಿ ಬಸಿಗಾಲುವೆ ತೆಗೆದ ಮರುವರ್ಷ ಧರೆಯ ಕಡೆಯ ಬೀಸಣಿಗೆ ಪೂರ್ತಿ ಮಾಯವಾಗಿ, ಎಂದೂ ಇಲ್ಲದ ಒಂದು ತೇಪೆ ನೀರಿನ ಟ್ಯಾಂಕಿನ ಬಳಿ ಕಾಣಿಸಿಕೊಂಡಿತು. ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯಿತು, ಬಿಸಿಲು ಬೇಕಾದಷ್ಟಿತ್ತು. ಅರ್ಧ ಅಡಿ ಅಗೆದು ನೋಡಿದಾಗ ಪೈಪಿನ ಜೋಡಣೆಯೊಂದು ಹನಿಯುತ್ತಿತ್ತು.